ಬಾದಾಮಿ–ಮಹಾಕೂಟ–ಬನಶಂಕರಿ: ಗುಡ್ಡ ದಾಟಿ ಹೋಗಿ ಹೊಳೆ ಕಡೆಯಿಂದ ಬರುವ ಒಂದು ದಿನದ ಸುತ್ತು

ಬಾದಾಮಿಯಿಂದ ಚಾಲುಕ್ಯರ ಕಾಲದ ಗುಡಿಗಳಿರುವ ಮಹಾಕೂಟಕ್ಕೆ ರಸ್ತೆ ಹಿಡಿದು ಹೋದರೆ ಸುಮಾರು 14 ಕಿ.ಮೀ., ಗುಡ್ಡ ದಾಟಿ ಹೋದರೆ 5 ಕಿ.ಮೀ. ಆಸುಪಾಸು. ಬಹಳ ಜನ ಕಾರಿನಲ್ಲಿ ಹೋಗಿ ಅರ್ಧ ಗಂಟೆ ನೋಡಿ ಪಟ್ಟದಕಲ್ಲಿಗೆ ಓಡುತ್ತಾರೆ. ಕಾಲು ಗಟ್ಟಿಯಿದ್ದವರು ಗುಡ್ಡದ ಹಾದಿ ಬಿಡಬಾರದು. ಹೋಗುವಾಗ ನಡಿಗೆ, ಬರುವಾಗ ಶಿವಯೋಗಮಂದಿರದ ಬಳಿ ಮಲಪ್ರಭೆ ನೋಡಿಕೊಂಡು ಬನಶಂಕರಿ ಮೇಲೆ ವಾಪಸು. ಈ ಸುತ್ತಿಗೆ ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ. ಮೇಣಬಸದಿಗಳನ್ನು, ಅಂದರೆ ಬಾದಾಮಿಯ ಗುಹೆ ಗುಡಿಗಳನ್ನು, ಅದೇ ದಿನ ತುರುಕಬೇಡಿ. 578ರ ಶಾಸನವಿರುವ ಮೂರನೆಯ ಗುಹೆಯೊಂದಕ್ಕೇ ಒಂದು ತಾಸು ಬೇಕು. ಹಿಂದಿನ ಮಧ್ಯಾಹ್ನವೇ ಬಂದು ಅವನ್ನು ಮುಗಿಸಿಕೊಂಡರೆ ಒಳ್ಳೆಯದು.

ರೈಲಿಗೆ ಬರುವುದೇ ಸರಿ. ಗದಗ–ಹೊಟಗಿ ಹಳಿ ಈ ಸೀಮೆಯ ಹಳೆಯ ಹಳಿಗಳಲ್ಲೊಂದು. 1876–78ರ ಬರದಲ್ಲಿ ಒಳನಾಡಿಗೆ ಕಾಳು ತಲುಪಿಸಲಾಗದೆ ಜನ ಸತ್ತ ಮೇಲೆ, ಬರದ ಸೀಮೆಗೆ ರೈಲು ಬೇಕೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಈ ಮಾರ್ಗದಲ್ಲಿ ಗಾಡಿ ಓಡಿತು. ಆಗಿನದು ಮೀಟರ್ ಗೇಜ್, ಈಗ ಬ್ರಾಡ್ ಗೇಜ್. ಗದಗ ಕಡೆಯಿಂದ ಬರುವವರಿಗೆ ಹೊಳೆಆಲೂರು ದಾಟಿದ ಕೂಡಲೇ ಮಲಪ್ರಭೆಯ ಸೇತುವೆ ಸಿಗುತ್ತದೆ. ಅಲ್ಲಿ ಕಿಟಕಿಯಿಂದ ನೀರಿನ ಬಣ್ಣ, ಮಟ್ಟ ನೋಡಿಟ್ಟುಕೊಳ್ಳಿ. ಅದೇ ನೀರು ಮುಂದೆ ಶಿವಯೋಗಮಂದಿರದ ಕಡೆ ಹರಿಯುತ್ತದೆ. ಕೆಂಪಗೆ ದಂಡೆ ತುಂಬಿ ಹೋಗುತ್ತಿದ್ದರೆ ಅಲ್ಲಿ ಮೆಟ್ಟಿಲು ಇಳಿಯುವ ಆಸೆ ಬಿಡಿ.

ಬಾದಾಮಿ ನಿಲ್ದಾಣ ಊರಿಂದ 5 ಕಿ.ಮೀ. ದೂರ. ರೈಲು ಬಂದಾಗ ಟಂಟಂ (ಮೂರು ಗಾಲಿಯ ಬಾಡಿಗೆ ಗಾಡಿ) ನಿಂತಿರುತ್ತವೆ, ಸೀಟು ತುಂಬಿದ ಮೇಲೇ ಹೊರಡುತ್ತವೆ. ಇಡೀ ಟಂಟಂ ಬೇಕಾದರೆ ಹತ್ತುವ ಮೊದಲೇ ಬಾಡಿಗೆ ಮಾತಾಡಿ.

ಗುಡ್ಡದ ಹಾದಿಗೆ ಬೆಳಿಗ್ಗೆ ಆರೂವರೆಗೇ ಹೊರಡಬೇಕು. ಬಾದಾಮಿ ಗುಡ್ಡ ಅಂದರೆ ಪದರ ಪದರವಾದ ಮರಳುಗಲ್ಲು. ಅಂಚು ಗೋಡೆಯಂತೆ ಕಡಿದಾಗಿದೆ, ನೆತ್ತಿ ಮಾತ್ರ ಸಪಾಟು. ಹಾಗಾಗಿ ದಮ್ಮು ಕಟ್ಟುವುದು ಮೊದಲ ಏರಿನಲ್ಲಷ್ಟೇ, ಮೇಲೆ ಹೋದ ಮೇಲೆ ಹೆಚ್ಚು ಏರಿಳಿತವಿಲ್ಲ. ಆದರೆ ಆ ಸಪಾಟಿನಲ್ಲಿ ಮುಳ್ಳುಕಂಟಿ ಬಿಟ್ಟರೆ ಮರವಿಲ್ಲ, ನೆರಳಿಲ್ಲ, ಕುಡಿಯುವ ನೀರಿಲ್ಲ. ಒಂಬತ್ತು ದಾಟಿತೆಂದರೆ ಬಂಡೆ ಕಾಯಲು ಶುರು. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ತಲೆಗೆ ಟೊಪ್ಪಿಗೆ ಅಥವಾ ಟವೆಲ್ಲು, ಸ್ವಲ್ಪ ಶೇಂಗಾ ಬೆಲ್ಲ ಸಾಕು. ನಿಧಾನ ನಡೆದರೂ ಎರಡು, ಎರಡೂವರೆ ತಾಸಿನಲ್ಲಿ ಮಹಾಕೂಟ ಸಿಗುತ್ತದೆ. ಮಾರ್ಚ್‌ನಿಂದ ಮೇ ತನಕ ಈ ಹಾದಿಯ ಹೆಸರೇ ಎತ್ತಬೇಡಿ.

ದಾರಿ ತಪ್ಪುವುದು ಎಲ್ಲಿ? ಏರು ಮುಗಿದ ಕೂಡಲೇ. ಅಲ್ಲಿಂದ ಮುಂದೆ ಕುರಿ, ಆಡು ಓಡಾಡಿದ ಸಣ್ಣ ಸಣ್ಣ ಹಾದಿಗಳು ಹತ್ತಾರು ಕವಲೊಡೆಯುತ್ತವೆ, ನೋಡಲು ಎಲ್ಲವೂ ಒಂದೇ. ಹಳೆಯ ಯಾತ್ರೆಯ ಹಾದಿಗೆ ಅಲ್ಲಲ್ಲಿ ಕಲ್ಲು ಹಾಸಿದ ಗುರುತಿದೆ, ತುಳಿದು ತುಳಿದು ನುಣುಪಾದ ಕಲ್ಲು. ಆ ಗುರುತು ಹತ್ತು ನಿಮಿಷ ಕಾಣಲಿಲ್ಲವೆಂದರೆ ಮುಂದೆ ಹೋಗದೆ ಹಿಂದಿನ ಗುರುತಿನವರೆಗೆ ವಾಪಸು ಬನ್ನಿ. ಒಟ್ಟಾರೆ ದಿಕ್ಕು ಪೂರ್ವ, ಅಂದರೆ ಬೆಳಗಿನ ಬಿಸಿಲು ಮುಖಕ್ಕೇ ಬಡಿಯುತ್ತಿರಬೇಕು. ಮೊಬೈಲ್ ನಕ್ಷೆ ಹೆಚ್ಚಾಗಿ 14 ಕಿ.ಮೀ.ಗಳ ರಸ್ತೆಯನ್ನೇ ತೋರಿಸುತ್ತದೆ. ಅದಕ್ಕಿಂತ ಹೊರಡುವಾಗ ಕೆಳಗೆ ಊರಲ್ಲಿ, ಮೇಲೆ ಕುರಿ ಕಾಯುವವರಲ್ಲಿ, “ಅಣ್ಣಾರ, ಮಹಾಕೂಟಕ್ಕ ಕಾಲಹಾದಿ ಯಾಕಡೆ ಐತ್ರಿ?” ಎಂದು ಕೇಳುವುದು ವಾಸಿ. ಒಬ್ಬರೇ ಹೋಗಬೇಡಿ. ಮಳೆ ಬಿದ್ದ ಮರುದಿನ ಪಾಚಿ ಹಿಡಿದ ಬಂಡೆ ಜಾರುತ್ತದೆ. ಒಣಗಿದ ದಿನವೂ ಬಂಡೆಯ ಮೇಲಿನ ಸಡಿಲ ಮರಳು ಚಪ್ಪಲಿಯವರನ್ನು ಕೆಡವುತ್ತದೆ. ಅಟ್ಟೆಯಲ್ಲಿ ಗೆರೆಯಿರುವ ಶೂ ಹಾಕಿ. ಕಡಿದಾದ ಬಂಡೆಗಳ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ, ಅಲ್ಲಿ ಬೀಡಿ ಹಚ್ಚುವುದು, ಕೂಗಾಡುವುದು ಬೇಡ.

ಮಹಾಕೂಟಕ್ಕೆ ಹಿಂದಿನಿಂದ ಇಳಿಯುವವರಿಗಷ್ಟೇ ಸಿಗುವ ಲಾಭವೊಂದಿದೆ. ಬಾದಾಮಿ ಕಡೆಯ ಹಳೆಯ ಬಾಗಿಲು, ಅರ್ಧ ಪಾಳುಬಿದ್ದದ್ದು. ಅದರ ಎರಡೂ ಪಕ್ಕ ಎಲುಬಿನ ಗೂಡಿನಂಥ ಎರಡು ಆಕೃತಿಗಳು: ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು, ಹೊಟ್ಟೆ ಬೆನ್ನಿಗೆ ಹತ್ತಿದೆ. ಗಾಡಿ ನಿಲ್ಲಿಸಿ ಮುಂದಿನಿಂದ ಬಂದವರು ಇವನ್ನು ನೋಡದೆಯೇ ಹೋಗುತ್ತಾರೆ.

ಒಳಗೆ ಬಂದರೆ ಒಮ್ಮೆಲೇ ನೆರಳು, ತಂಪು. ವಿಷ್ಣು ಪುಷ್ಕರಿಣಿಗೆ ನೆಲದೊಳಗಿನ ಸೆಲೆಯ ನೀರು ಬರುತ್ತದೆ. ಹೊಂಡದೊಳಗೇ ಸಣ್ಣ ಮಂಟಪ, ಅದರಲ್ಲಿ ಚತುರ್ಮುಖ ಲಿಂಗ. ಜನ ಮೀಯುವ, ಪೂಜೆ ನಡೆಯುವ ಜಾಗವಿದು. ಮೀಯುವುದಾದರೆ ಬದಲಿ ಬಟ್ಟೆ ತನ್ನಿ, ಸೋಪು ಹಚ್ಚಬೇಡಿ. ಗುಡಿಗಳನ್ನು ನೋಡುವಾಗ ಶಿಖರ ನೋಡಿ: ಮಹಾಕೂಟೇಶ್ವರ, ಮಲ್ಲಿಕಾರ್ಜುನ ದ್ರಾವಿಡ ಬಗೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಸಂಗಮೇಶ್ವರ ನಾಗರ ಬಗೆ, ಬಾಗಿದ ರೇಖೆಯದು. ಪಟ್ಟದಕಲ್ಲಿನಲ್ಲಿ ದೊಡ್ಡದಾಗಿ ಕಾಣುವ ಈ ಜೋಡಿ ಇಲ್ಲಿ ಕೈಗೆಟಕುವ ಅಳತೆಯಲ್ಲಿದೆ. ಮಹಾಕೂಟೇಶ್ವರದ ಮುಖಮಂಟಪದಲ್ಲಿ ವಿನಾಪೋಟಿಯ ಕನ್ನಡ ಶಾಸನ ಕೇಳಿ ನೋಡಿ. ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ಈಕೆ, ದೇವರಿಗೆ ಮಾಣಿಕದ ಪೀಠ, ಬೆಳ್ಳಿಯ ಕೊಡೆ ಕೊಟ್ಟವಳು. ಇನ್ನೊಬ್ಬ ಚಾಲುಕ್ಯ ದೊರೆ ಮಂಗಲೇಶನ ಶಾಸನವಿರುವ ಪ್ರಸಿದ್ಧ ಕಂಬವನ್ನು ಮಾತ್ರ ಇಲ್ಲಿ ಹುಡುಕಬೇಡಿ, ಅದು ವಿಜಯಪುರದ ಗೋಲಗುಂಬಜ್ ಮ್ಯೂಸಿಯಂನಲ್ಲಿದೆ.

ಮಹಾಕೂಟದಿಂದ ಮುಂದೆ ಡಾಂಬರು ರಸ್ತೆ. ಇದನ್ನೂ ನಡೆದೇ ತೀರುತ್ತೇವೆ ಅನ್ನುವ ಹಠ ಬೇಡ. ಬಿಸಿಲು ಏರಿರುತ್ತದೆ, ನೋಡುವಂಥದ್ದೂ ಕಡಿಮೆ. ಬಸ್ಸು ಪದೇ ಪದೇ ಇಲ್ಲ. ಬಾದಾಮಿಯ ಟಂಟಂನವರಿಗೆ ಹಿಂದಿನ ದಿನವೇ ಹೇಳಿ ಹತ್ತೂವರೆಗೆ ಮಹಾಕೂಟಕ್ಕೆ ಬರಲು ಗೊತ್ತುಮಾಡುವುದು ಎಲ್ಲಕ್ಕಿಂತ ಸುಲಭ. ಮಹಾಕೂಟ–ಶಿವಯೋಗಮಂದಿರ–ಬನಶಂಕರಿ ಎಂದು ಮೂರೂ ಹೆಸರು ಸೇರಿಸಿ ಬಾಡಿಗೆ ಮಾತಾಡಿ. “ಬನಶಂಕರಿಗೆ” ಎಂದಷ್ಟೇ ಅಂದರೆ ಹೊಳೆ ಕಡೆ ತಿರುಗಿಸಲು ಮತ್ತೆ ಚೌಕಾಸಿ.

ಶಿವಯೋಗಮಂದಿರ ಹಾನಗಲ್ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಕಟ್ಟಿದ ಸಂಸ್ಥೆ. ವಟುಗಳು ಓದುವ ಜಾಗ, ಗದ್ದಲ ಬೇಡ. ಇಲ್ಲಿಯ ವಿಭೂತಿಗೆ ಹೆಸರಿದೆ. ಹೊಳೆಯ ವಿಷಯದಲ್ಲಿ ಒಂದು ಎಚ್ಚರ: ಇಲ್ಲಿ ಮಳೆಯಿಲ್ಲದಿದ್ದರೂ ಮೇಲೆ ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳವರೆಗೆ ನೀರು ನುಗ್ಗಿದ್ದು ಹೀಗೆಯೇ. ಬೇಸಿಗೆಗೆ ಅದೇ ಹೊಳೆ ಅಲ್ಲಲ್ಲಿ ನಿಂತ ಮಡುವಾಗಿರುತ್ತದೆ.

ಊಟ ಬನಶಂಕರಿಯಲ್ಲೇ. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ: ಕಟಕ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಬಾದಾಮಿಯ ಯಾವ ಹೋಟೆಲ್ ಊಟವೂ ಇದರ ಸಮಕ್ಕೆ ನಿಲ್ಲದು. “ಅಕ್ಕಾರ, ಎಷ್ಟಕ್ಕ ಕೊಡ್ತೀರಿ” ಎಂದು ಮೊದಲೇ ಕೇಳಿ, ಚಿಲ್ಲರೆ ಇಟ್ಟುಕೊಳ್ಳಿ. ಮಧ್ಯಾಹ್ನ ಎರಡರ ಮೇಲೆ ಬುಟ್ಟಿ ಖಾಲಿಯಾಗಿರಬಹುದು. ಈಗಿನ ಗುಡಿ 1750ರದು. ಎದುರಿನ ಹರಿದ್ರಾತೀರ್ಥದ ಸುತ್ತ ಕಲ್ಲಿನ ಮಂಟಪವಿದೆ, ಉಂಡು ಅರ್ಧ ತಾಸು ಕೂರಲು ಒಳ್ಳೆಯ ನೆರಳು. ಮಳೆ ಕಡಿಮೆಯಾದ ವರ್ಷ ನೀರು ತಳ ಸೇರಿರುತ್ತದೆ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಈ ಸುತ್ತು ಆಗದ ಮಾತು, ರಸ್ತೆಯಲ್ಲಿ ಚಕ್ಕಡಿ, ಬಸ್ಸು, ಜನ ಬಿಟ್ಟು ಬೇರೇನಿರದು. ಜಾತ್ರೆಯನ್ನೇ ನೋಡಲು ಬರುವುದಾದರೆ ಅದು ಬೇರೆ ಮಾತು.

ಬನಶಂಕರಿಯಿಂದ ಬಾದಾಮಿ 5 ಕಿ.ಮೀ., ಬಸ್ಸು, ಟಂಟಂ ಧಾರಾಳ. ನಾಲ್ಕರ ಹೊತ್ತಿಗೆ ಬಾದಾಮಿಯ ಕೆರೆ ಅಗಸ್ತ್ಯತೀರ್ಥದ ದಂಡೆಗೆ ಬನ್ನಿ. ಅಲ್ಲಿಯ ಮ್ಯೂಸಿಯಂ ಐದಕ್ಕೆ ಮುಚ್ಚುತ್ತದೆ, ಶುಕ್ರವಾರ ರಜೆ. ಅದರ ಪಕ್ಕದಿಂದ ಮುಂದೆ ನಡೆದರೆ ಭೂತನಾಥ ಗುಡಿ. ಅದರ ಮುಖ ಪಡುವಣಕ್ಕಿರುವುದರಿಂದ ಫೋಟೋಕ್ಕೆ ಸಂಜೆಯ ಬೆಳಕೇ ಬೇಕು. ಈ ಸುತ್ತನ್ನು ಉಲ್ಟಾ ಮಾಡಬಾರದೆನ್ನಲು ಅದೂ ಒಂದು ಕಾರಣ. ಇನ್ನೊಂದು, ಉಲ್ಟಾ ಬಂದರೆ ಮಧ್ಯಾಹ್ನದ ಬಿಸಿಲಲ್ಲಿ ಮಹಾಕೂಟದ ಏರು ಹತ್ತಬೇಕಾಗುತ್ತದೆ, ಗುಡ್ಡದ ಮೇಲೆ ಕತ್ತಲಾಗುವ ಭಯವೂ ಇರುತ್ತದೆ. ಮಂಗಗಳು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ, ತಿನಿಸೆಲ್ಲ ಬ್ಯಾಗಿನೊಳಗೆ ಇರಲಿ.

ರಾತ್ರಿ ರೈಲಿಗೆ ಹೋಗುವವರು ಬೆಳಗಿನ ಟಂಟಂನವರ ನಂಬರನ್ನೇ ಇಟ್ಟುಕೊಂಡು ನಿಲ್ದಾಣಕ್ಕೂ ಹೇಳಿಬಿಡಿ. ಎಂಟರ ಮೇಲೆ ಆ 5 ಕಿ.ಮೀ.ಗೆ ಗಾಡಿ ಸಿಗುವುದು ಕಷ್ಟ.