ಜಾಕ್ಸನ್‌ನಲ್ಲಿ ಒಂದು ಬಾವುಟದ ಬೆನ್ನು ಹತ್ತಿ

ನ್ಯೂ ಆರ್ಲಿಯನ್ಸ್‌ನಿಂದ ಉತ್ತರಕ್ಕೆ ಸುಮಾರು ಮೂರು ತಾಸಿನ ದಾರಿ. ಹೆದ್ದಾರಿಯ ಎರಡೂ ಕಡೆ ಪೈನ್ ಮರಗಳು, ನೋಡೋಕೆ ಬೇರೇನೂ ಇಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್‌ಗೆ ಸುಮ್ನೆ ಸುತ್ತೋಕೆ ಹೋಗುವವರು ಕಮ್ಮಿ. ಈ ರಾಜ್ಯದ ಹೊಸ ಬಾವುಟ ನೋಡೋಕೆ ಬಂದಿದ್ದೀವಿ ಅಂದಾಗ ಮೋಟೆಲ್‌ನ ಗುಜರಾತಿ ಅಂಕಲ್ ನಕ್ಕೇಬಿಟ್ಟರು.

ಶಾಸನಸಭೆಯ ಕಟ್ಟಡ 1903ರದು, ಗುಮ್ಮಟದ ಮೇಲೆ ಚಿನ್ನದ ಬಣ್ಣದ ಹದ್ದು. ಹೊಸ ಬಾವುಟ ಇಲ್ಲೇ ಹಾರುತ್ತದೆ. ಎರಡು ಬದಿಗೆ ಕೆಂಪು, ನಡುವೆ ಕಡುನೀಲಿ, ಅದರಲ್ಲಿ ಬಿಳಿ ಮ್ಯಾಗ್ನೋಲಿಯ ಹೂವು. ಸುತ್ತ 20 ಬಿಳಿ ನಕ್ಷತ್ರ, ಇದು ಒಕ್ಕೂಟ ಸೇರಿದ 20ನೇ ರಾಜ್ಯ. ಮೇಲಿನ ಚಿನ್ನದ ನಕ್ಷತ್ರ ಇಲ್ಲಿನ ಮೂಲನಿವಾಸಿಗಳ ಗುರುತು. ಕೆಳಗೆ ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಬರಹ. ಅದು ಇರಲೇಬೇಕೆಂದು ಕಾನೂನೇ ಹೇಳಿತ್ತು. ನನಗಂತೂ ಬಾವುಟದ ಮೇಲೆ ಅಕ್ಷರ ಇಷ್ಟವಾಗಲ್ಲ, ಗಾಳಿ ಬಂದರೆ ಓದೋಕೂ ಆಗಲ್ಲ. ಅದೇ ಅಂಗಳದಲ್ಲಿ ಕಾನ್ಫೆಡರೇಟ್ (ಅಂತರ್ಯುದ್ಧದಲ್ಲಿ ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಕಡೆಯ) ಹೆಂಗಸರ ಸ್ಮಾರಕ ಮಾತ್ರ ಹಾಗೇ ನಿಂತಿದೆ.

ಹಳೆಯದು 1894ರ ಬಾವುಟ. ಅದರ ಮೂಲೆಯಲ್ಲಿ ಗುಲಾಮಗಿರಿ ಉಳಿಸಲು ಹೋರಾಡಿದ ಕಾನ್ಫೆಡರೇಟ್ ಪಡೆಯ ಯುದ್ಧಧ್ವಜವೇ ಇತ್ತು. ನೂರಕ್ಕೆ ಸುಮಾರು 38 ಮಂದಿ ಕಪ್ಪು ಜನ ಇರುವ ರಾಜ್ಯ ಇದು! 2001ರಲ್ಲಿ ಮತಕ್ಕೆ ಹಾಕಿದಾಗ ನೂರಕ್ಕೆ 64 ಮಂದಿ ಹಳೆಯದೇ ಇರಲಿ ಅಂದರು. 2020ರ ಮೇನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಹತ್ಯೆ ಪೊಲೀಸರ ಕೈಯಲ್ಲಾಯಿತು, ದೇಶವೆಲ್ಲ ಬೀದಿಗಿಳಿಯಿತು. ಆದರೂ ಶಾಸಕರನ್ನು ಅಲುಗಾಡಿಸಿದ್ದು ಬರೀ ನ್ಯಾಯದ ಮಾತಲ್ಲ ಅನ್ನಿಸುತ್ತದೆ ನನಗೆ. ಈ ಬಾವುಟ ಇರುವ ತನಕ ಇಲ್ಲಿ ಚಾಂಪಿಯನ್‌ಶಿಪ್ ನಡೆಸಲ್ಲ ಎಂದು ಕಾಲೇಜು ಕ್ರೀಡಾ ಸಂಸ್ಥೆಗಳು ಪಟ್ಟು ಹಿಡಿದವು. ಕೈಲಿನ್ ಹಿಲ್ ಎಂಬ ಫುಟ್‌ಬಾಲ್ ಆಟಗಾರ, ಬಾವುಟ ಬದಲಾಗದಿದ್ದರೆ ಈ ರಾಜ್ಯದ ಪರ ಆಡಲ್ಲ ಅಂದ. ಫುಟ್‌ಬಾಲ್ ಅಂದರೆ ಇಲ್ಲಿ ಊರಹಬ್ಬ ಇದ್ದಂತೆ. ಹಳೆಯ ಬಾವುಟ ಕೈಬಿಡುವ ಮಸೂದೆಗೆ ಜೂನ್ 30ಕ್ಕೆ ರಾಜ್ಯಪಾಲರ ಸಹಿ ಬಿತ್ತು.

ಹೊಸ ವಿನ್ಯಾಸ ಕಳಿಸಿ ಎಂದಾಗ ಬಂದವು ಹತ್ತಿರ ಹತ್ತಿರ 3,000. ದೊಡ್ಡ ಸೊಳ್ಳೆ ಬರೆದ ಬಾವುಟವೂ ಕೈತಪ್ಪಿ ಒಂದು ಸುತ್ತು ದಾಟಿಬಿಟ್ಟಿತ್ತು. ಇಲ್ಲಿನ ಸೆಖೆಯಲ್ಲಿ ಒಂದು ಸಂಜೆ ಕಳೆದರೆ ಅದೂ ಸರಿಯೇ ಅನ್ನಿಸೀತು. ನಮ್ಮಲ್ಲೂ 2018ರಲ್ಲಿ ಹಳದಿ, ಕೆಂಪಿನ ನಡುವೆ ಬಿಳಿ ಸೇರಿಸಿ ಗಂಡಭೇರುಂಡ ಇಟ್ಟಾಗ ಎಷ್ಟು ಚರ್ಚೆಯಾಯಿತು, ಅಲ್ವಾ? ಇವರು ಜಾಣತನ ಮಾಡಿದರು. ನವೆಂಬರ್ ಮತದಾನದಲ್ಲಿ ಹಳೆಯ ಬಾವುಟವನ್ನು ಇಡಲೇ ಇಲ್ಲ. ಮ್ಯಾಗ್ನೋಲಿಯ ಬೇಕೋ ಬೇಡವೋ, ಅಷ್ಟೇ. ನೂರಕ್ಕೆ 70ಕ್ಕೂ ಜಾಸ್ತಿ ಮಂದಿ ಬೇಕು ಅಂದರು.

ಇಳಿಸಿದ ಬಾವುಟವನ್ನು ಒಪ್ಪಿಸಿದ್ದು ಹತ್ತಿರದಲ್ಲೇ ಇರುವ ಇತಿಹಾಸ ಮ್ಯೂಸಿಯಂಗೆ. ಅದರ ಪಕ್ಕಕ್ಕೇ ನಾಗರಿಕ ಹಕ್ಕುಗಳ ಮ್ಯೂಸಿಯಂ. ಅವಸರದಲ್ಲಿ ನೋಡೋಕೆ ಹೋಗಬೇಡಿ, ಅರ್ಧ ದಿನವಾದರೂ ಇಟ್ಟುಕೊಳ್ಳಿ.

ಕೊನೆಗೆ ಮೆಡ್ಗರ್ ಎವರ್ಸ್ ಮನೆಗೆ ಹೋದೆವು. ಕಪ್ಪು ಜನರ ಹಕ್ಕಿಗಾಗಿ ದುಡಿದ ಇವರನ್ನು 1963ರ ಜೂನ್‌ನಲ್ಲಿ ಈ ಮನೆಯಂಗಳದಲ್ಲೇ ಗುಂಡಿಟ್ಟು ಕೊಂದರು. ಮನೆಗೆ ಬೀದಿ ಕಡೆ ಬಾಗಿಲೇ ಇಲ್ಲ. ಜೀವಭಯಕ್ಕೆ, ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗದಿಂದಲೇ ಒಳಗೆ ಹೋಗುವಂತೆ ಕಟ್ಟಿಸಿದ್ದರು. ಕೊಂದವನಿಗೆ ಶಿಕ್ಷೆಯಾದದ್ದು 1994ರಲ್ಲಿ, ಹಳೆಯ ಬಾವುಟಕ್ಕೆ ನೂರು ತುಂಬಿದ ವರ್ಷ. ಮನೆ ಈಗ ರಾಷ್ಟ್ರೀಯ ಸ್ಮಾರಕ. ಒಳಗೆ ನೋಡಬೇಕೆನ್ನುವವರು ಸಮಯ ಮೊದಲೇ ವಿಚಾರಿಸಿಕೊಂಡು ಹೋಗಿ.