ಶಾಲೆ ಶುರುವಾಗಿದ್ದು ಯಾವ ವರ್ಷ?

ಸ್ಮರಣ ಸಂಚಿಕೆಗೆಂದು ಕ್ಯಾಥೊಲಿಕ್ ಹೈಸ್ಕೂಲಿನ ಇತಿಹಾಸ ಬರೆಯಲು ಕೂತವರು ಎಡವುವುದು ಹೆಚ್ಚಾಗಿ ಮೊದಲ ಸಾಲಿನಲ್ಲೇ. ಗೋಡೆಗೆ ಕೂರಿಸಿದ ಕಲ್ಲು ನೋಡಿ ಸ್ಥಾಪನೆಯ ವರ್ಷ ಬರೆದುಬಿಡುತ್ತಾರೆ. ಕಲ್ಲು ಹೇಳುವುದು ಕಟ್ಟಡದ ವಯಸ್ಸು ಮಾತ್ರ. ಪಾಠ ಶುರುವಾದದ್ದು ಒಂದು ವರ್ಷ, ಹೈಸ್ಕೂಲು ತರಗತಿ ಸೇರಿದ್ದು ಇನ್ನೊಂದು, ಸರ್ಕಾರದ ಮಾನ್ಯತೆ ಬಂದದ್ದು ಮತ್ತೊಂದು ಆಗಿರಬಹುದು. ಮೂರನ್ನೂ ಬೇರೆಬೇರೆಯಾಗಿಯೇ ಕೊಡಿ.

ಕಲ್ಲಿನ ಮೇಲೆ ಲ್ಯಾಟಿನ್ ವಾಕ್ಯವಿದ್ದು, ನಡುನಡುವೆ ಕೆಲವೇ ಅಕ್ಷರಗಳು ದೊಡ್ಡದಾಗಿ ಕಂಡರೆ ಅದು ಶಿಲ್ಪಿಯ ಅಂದಾದುಂದಿ ಅಲ್ಲ, ವರ್ಷ ಅಲ್ಲೇ ಅಡಗಿರಬಹುದು. ರೋಮನ್ ಅಂಕಿಗಳ ಬೆಲೆಯಂತೆ ಎಂ 1000, ಡಿ 500, ಸಿ 100, ಎಲ್ 50, ಎಕ್ಸ್ 10, ವಿ 5, ಐ 1. ದೊಡ್ಡಕ್ಷರಗಳನ್ನಷ್ಟೇ ಆರಿಸಿ ಕೂಡಬೇಕು. ಇಲ್ಲಿ ಕಳೆಯುವ ಲೆಕ್ಕವಿಲ್ಲ: ಐ ಆದ ಮೇಲೆ ವಿ ಬಂದರೂ 6, ನಾಲ್ಕಲ್ಲ.

ಮುಂದಿನ ಆಕರ ದಾಖಲಾತಿ ರಿಜಿಸ್ಟರು. ಅದಕ್ಕಿಂತ ರುಚಿಯಾದದ್ದು ಮಠದ ದಿನಚರಿ. ಶಾಲೆಯನ್ನು ಸಿಸ್ಟರುಗಳ ಅಥವಾ ಫಾದರುಗಳ ಸಭೆಯೊಂದು ನಡೆಸುತ್ತಿದ್ದರೆ ಆ ಪುಸ್ತಕ ಶಾಲೆಯ ಬೀರುವಿನಲ್ಲಿ ಸಿಗದೆ ಸಭೆಯ ಪ್ರಾಂತೀಯ ಕೇಂದ್ರದಲ್ಲಿ ಇರಬಹುದು. ಊರಿನ ಚರ್ಚಿನ ಧರ್ಮಕೇಂದ್ರವೇ ನಡೆಸಿದ ಶಾಲೆಯಾದರೆ ಧರ್ಮಾಧ್ಯಕ್ಷರ (ಬಿಷಪ್ಪರ) ಕಚೇರಿಯ ದಾಖಲೆ ಭಂಡಾರ ನೋಡಬೇಕು.

ದಿನಚರಿಯ ತೊಡಕು ತಾರೀಕಿನದು. ‘ಸಂತ ತೋಮಸ್ ಅಕ್ವಿನಾಸರ ಹಬ್ಬದಂದು ಶಾಲಾ ಪೂಜೆ’ ಎಂದಷ್ಟೇ ಬರೆದಿರುತ್ತಾರೆ. ಈಗಿನ ಪಂಚಾಂಗ ತೆಗೆದು ಜನವರಿ 28 ಎಂದು ಹಾಕಿದರೆ ತಪ್ಪು. 1969ರ ಪರಿಷ್ಕರಣೆಗೆ ಮುಂಚೆ ಆ ಹಬ್ಬ ಬರುತ್ತಿದ್ದದ್ದು ಮಾರ್ಚ್ 7ಕ್ಕೆ. ಈಸ್ಟರನ್ನು ಆಧರಿಸಿದ ಹಬ್ಬಗಳಂತೂ ವರ್ಷವರ್ಷಕ್ಕೂ ಸರಿಯುತ್ತವೆ, ಆಯಾ ವರ್ಷದ್ದನ್ನೇ ಲೆಕ್ಕ ಹಾಕಿಕೊಳ್ಳಬೇಕು.

ಮುಖ್ಯೋಪಾಧ್ಯಾಯಿನಿಯರ ಪಟ್ಟಿ ಮಾಡುವಾಗ ಒಬ್ಬರೇ ಇಬ್ಬರಾಗುವುದುಂಟು. ಮಠ ಸೇರಿದಾಗ ಹೊಸ ಹೆಸರು ಪಡೆದ ಎಷ್ಟೋ ಸಿಸ್ಟರುಗಳು ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ದೀಕ್ಷಾಸ್ನಾನದ ಹೆಸರಿಗೇ ಮರಳಿದರು. ಹೆಸರಿನ ಜೊತೆ ಜನ್ಮದಿನಾಂಕವನ್ನೂ ತಾಳೆ ನೋಡಿ. ಇನ್ನೊಂದು ಗೊಂದಲ, ಮಠವನ್ನು ನೋಡಿಕೊಳ್ಳುವ ಸುಪೀರಿಯರನ್ನೇ ಶಾಲೆಯ ಮುಖ್ಯಸ್ಥರೆಂದು ಎಣಿಸುವುದು. 1983ರವರೆಗೆ ಜಾರಿಯಲ್ಲಿದ್ದ 1917ರ ಧರ್ಮಸಭೆಯ ಕಾನೂನಿನಂತೆ ಸ್ಥಳೀಯ ಸುಪೀರಿಯರಿಗೆ ಒಂದು ಸಲಕ್ಕೆ ಮೂರೇ ವರ್ಷ ಸಿಗುತ್ತಿತ್ತು. ಅದೇ ಮನೆಯಲ್ಲಿ ಬೆನ್ನುಬೆನ್ನಿಗೆ ಮೂರನೇ ಅವಧಿ ಇರಲಿಲ್ಲ. ಆ ಕಾಲದ ಪಟ್ಟಿಯಲ್ಲಿ ಒಬ್ಬರೇ ಹದಿನಾಲ್ಕು ವರ್ಷ ಸತತವಾಗಿ ಕೂತಿದ್ದರೆ, ಅಷ್ಟೂ ಕಾಲ ಅವರು ಸುಪೀರಿಯರ್ ಆಗಿದ್ದಿರಲಾರರು, ಶಾಲೆಯ ಹುದ್ದೆ ಬೇರೆಯೇ ಇತ್ತು ಎಂದು ಊಹಿಸಬಹುದು.

ಯೇಸುಸಭೆಯ (ಜೆಸ್ವಿಟ್ ಫಾದರುಗಳ) ಹಳೇ ಶಾಲೆಗಳಲ್ಲಿ ಇನ್ನೂ ದೊಡ್ಡ ಬಿರುಕಿದೆ. ಇಟಲಿಯ ಮೆಸ್ಸೀನಾದಲ್ಲಿ 1548ರಲ್ಲಿ ಕಾಲೇಜು ತೆರೆದ ಸಭೆಯನ್ನು ಪೋಪ್ ಹದಿನಾಲ್ಕನೇ ಕ್ಲೆಮೆಂಟ್ 1773ರಲ್ಲಿ ರದ್ದು ಮಾಡಿದರು. ಮರಳಿ ಅದು ಪೂರ್ತಿ ಊರ್ಜಿತವಾದದ್ದು 1814ಕ್ಕೆ. ‘ನಾನೂರು ವರ್ಷಗಳ ಅಖಂಡ ಪರಂಪರೆ’ ಎಂದು ಬ್ಯಾನರು ಬರೆಸುವ ಮುನ್ನ ಆ ನಲವತ್ತೊಂದು ವರ್ಷ ಕಟ್ಟಡ ಯಾರ ಕೈಯಲ್ಲಿತ್ತು, ಪಾಠ ನಡೆದಿತ್ತೇ ಎಂದು ಆಸ್ತಿಪತ್ರಗಳಲ್ಲಿ ಹುಡುಕಬೇಕು.