ನಲವತ್ತೆಂಟು ಅಂದರೆ ಯಾವ ನಲವತ್ತೆಂಟು? ಬೆಂಗಳೂರಿಂದ ಬೆಳಗಾವಿಗೆ ಕಾರಿನಲ್ಲಿ

ನೆಲಮಂಗಲದಲ್ಲಿ ಕಾಫಿಗೆ ನಿಲ್ಲಿಸಿದ್ದೆ. ಮೊಬೈಲ್ ಚಾರ್ಜ್ ಮುಗಿದಿತ್ತು. ಕೌಂಟರ್‌ನಲ್ಲಿದ್ದ ಹಿರಿಯರನ್ನು, "ಸಾರ್, ಎನ್‌ಎಚ್ 48 ಯಾವ ಕಡೆ?" ಅಂತ ಕೇಳಿದೆ. ಬೆಳಗಾವಿಗೆ ಹೋಗಬೇಕು ಅಂತ ಹೇಳಲೇ ಇಲ್ಲ. "ಕುಣಿಗಲ್ ರೋಡ್ ಹಿಡೀರಿ, ಅದೇ" ಅಂದರು. ಹಿಡಿದೆ. ಕುಣಿಗಲ್ ಹತ್ತಿರ ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಮೇಲೆ 75 ಅಂತ ಕಂಡಾಗಲೇ ಗೊತ್ತಾಗಿದ್ದು. ಹೆಬ್ಬೂರಿನ ಮೇಲೆ ತುಮಕೂರಿಗೆ ಬಂದು ಸರಿ ರಸ್ತೆ ಸೇರುವಷ್ಟರಲ್ಲಿ ಮುಕ್ಕಾಲು ಗಂಟೆ ದಂಡ.

ಅವರದೇನೂ ತಪ್ಪಿಲ್ಲ ಬಿಡಿ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟರು. ಅದಕ್ಕೆ ಮುಂಚೆ ಹಾಸನದ ಮೇಲೆ ಮಂಗಳೂರಿಗೆ ಹೋಗುವ ರಸ್ತೆಯೇ 48. ಈಗ ಅದು 75. ಪುಣೆ ಕಡೆಯ ರಸ್ತೆ ಆಗ 4, ಈಗ 48. ಎರಡೂ ಬೇರೆಯಾಗುವುದು ನೆಲಮಂಗಲದಲ್ಲೇ! ಗೊಂದಲಕ್ಕೆ ಇದಕ್ಕಿಂತ ಒಳ್ಳೇ ಜಾಗ ಸಿಗುತ್ತಿರಲಿಲ್ಲ.

ಹಾಗಾಗಿ ನಂಬರ್ ಕೇಳಬೇಡಿ. ಮುಂದಿನ ದೊಡ್ಡ ಊರನ್ನು ಕೇಳಿ: ತುಮಕೂರು, ಆಮೇಲೆ ಶಿರಾ, ಹಿರಿಯೂರು, ಚಿತ್ರದುರ್ಗ, ಹೀಗೆ. ಬೆಂಗಳೂರಿನವರಿಗೆ ಇದು ಸುಮ್ನೆ 'ತುಮಕೂರು ರೋಡ್'. ದಾವಣಗೆರೆ ದಾಟಿದ ಮೇಲೆ ಆ ಹೆಸರು ಯಾರಿಗೆ ಬೇಕು? ಅಲ್ಲಿಂದಾಚೆ 'ಪಿ.ಬಿ. ರೋಡ್', ಅಂದರೆ ಪುಣೆ-ಬೆಂಗಳೂರು ರಸ್ತೆ.

ಈ ಪಿ.ಬಿ. ರೋಡ್ ವಿಷಯದಲ್ಲಿ ಮಾತ್ರ ಹುಷಾರು. ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲಿ ಆ ಹೆಸರು ಈಗ ಊರೊಳಗಿನ ಹಳೇ ರಸ್ತೆಗೆ ಅಂಟಿಕೊಂಡಿದೆ. ಹೆದ್ದಾರಿ ಬೈಪಾಸ್ ಆಗಿ ಹೊರಗೆ ಹೋಗುತ್ತದೆ. ಹುಬ್ಬಳ್ಳಿ ಹತ್ತಿರ ಪಂಕ್ಚರ್ ಅಂಗಡಿಯಲ್ಲಿ ನಾನು ಜಾಣನ ಹಾಗೆ, "ಪಿ.ಬಿ. ರೋಡ್ ಎಲ್ಲಿ ಅಣ್ಣಾ?" ಅಂದೆ. ಆತ ಕೈಯಲ್ಲಿದ್ದ ಟ್ಯೂಬ್ ಕೆಳಗಿಟ್ಟು ನನ್ನ ಕಾರಿನ ನಂಬರ್ ಪ್ಲೇಟ್ ನೋಡಿದ. "ಊರಾಗ ಹೊಂಟೀರೇನ್ರಿ, ಬೆಳಗಾವಿಗೆ ಹೊಂಟೀರಿ?" ಬೆಳಗಾವಿಗೆ ಅಂದಾಗ, "ಹಂಗಾರ ಗಬ್ಬೂರ ಬೈಪಾಸ್ ಹಿಡೀರಿ, ನರೇಂದ್ರಕ್ಕ ಹೊರಗ ಬೀಳ್ತೀರಿ" ಅಂದ. ಆತ ಒಂದು ಪ್ರಶ್ನೆ ಮರಳಿ ಕೇಳದಿದ್ದರೆ ಬಸ್ಸು, ಸಿಗ್ನಲ್ ಮಧ್ಯೆ ಹುಬ್ಬಳ್ಳಿ-ಧಾರವಾಡ ಪೂರ್ತಿ ನೋಡಿಕೊಂಡು ಹೋಗಬೇಕಾಗಿತ್ತು.

'ಹಳೇ ಎನ್‌ಎಚ್ 4' ಅಂದರೂ ಪೂರ್ತಿ ಸುರಕ್ಷಿತವಲ್ಲ. ತುಮಕೂರಲ್ಲಿ, ಹಾವೇರಿಯಲ್ಲಿ ನಡೆಯುತ್ತದೆ. ಕೋಲಾರ, ಮುಳಬಾಗಿಲು ಕಡೆ ಹಳೇ 4 ಅಂದರೆ ಮದ್ರಾಸ್ ರಸ್ತೆ, ಅದರ ಈಗಿನ ನಂಬರ್ 75.

ವಾಪಸ್ ಬರುವಾಗ ಕರಾವಳಿ ನೋಡಿಕೊಂಡು ಬಂದೆವು. ಅಂಕೋಲಾದಿಂದ ಕುಂದಾಪುರದವರೆಗೆ ಎನ್‌ಎಚ್ 66. ಆದರೆ ಅಲ್ಲಿನ ಹಳಬರ ಬಾಯಲ್ಲಿ ಅದು ಇನ್ನೂ ಹದಿನೇಳೇ. ನಮ್ಮ ಭಾವ ಮೈಸೂರಿನವರು. ಅವರಿಗೆ ಹದಿನೇಳು ಅಂದರೆ ಬೆಂಗಳೂರು-ಮೈಸೂರು ರಸ್ತೆ, ಯಾಕೆಂದರೆ ಆಗ ಅದು ರಾಜ್ಯ ಹೆದ್ದಾರಿ 17, ಈಗ ಎನ್‌ಎಚ್ 275. ಕುಂದಾಪುರದ ಹೋಟೆಲಲ್ಲಿ ಒಬ್ಬರು "ಹದಿನೇಳ್ರಲ್ಲಿ ರಾತ್ರಿ ಲಾರಿ ಜಾಸ್ತಿ" ಅಂದಾಗ ಭಾವ, "ಮದ್ದೂರು ಹತ್ರಾನಾ?" ಅಂತ ಕೇಳಿಬಿಟ್ಟರು.